ಧೂಳಿಗೂ ಒಂದು ಗಡುವು ಬೇಕು

ಮೆಟ್ಟಿಲುಬಾವಿಗೆ ಇಳಿದು, ಕಾಲು ನೀರಿಗಿಟ್ಟೇ ಕೊಡ ತುಂಬಿಸಿಕೊಳ್ಳುವುದು ಉತ್ತರ ಕರ್ನಾಟಕದ ಎಷ್ಟೋ ಹಳ್ಳಿಗಳಲ್ಲಿ ನಿತ್ಯದ ರೂಢಿಯಾಗಿತ್ತು. ನಾರುಹುಣ್ಣು ಹರಡುತ್ತಿದ್ದುದೂ ಹಾಗೆಯೇ. ಹುಣ್ಣಿನೊಳಗಿನ ಹುಳು ನೀರಿನಲ್ಲಿ ಮರಿ ಬಿಡುತ್ತಿತ್ತು. ಆ ನೀರು ಕುಡಿದವರ ಕಾಲಲ್ಲಿ ವರ್ಷದ ಹೊತ್ತಿಗೆ ಇನ್ನೊಂದು ಹುಳು ಕಾಣಿಸಿಕೊಳ್ಳುತ್ತಿತ್ತು. ಅದನ್ನು ಕಡ್ಡಿಗೆ ಸುತ್ತಿ, ದಿನಕ್ಕೆ ಒಂದಿಷ್ಟೇ ಎಳೆಯುತ್ತ, ವಾರಗಟ್ಟಲೆ ನರಳಬೇಕಿತ್ತು.

1981ರಲ್ಲಿ ಆರಂಭವಾದ ಅಂತರರಾಷ್ಟ್ರೀಯ ಕುಡಿಯುವ ನೀರಿನ ದಶಕ ಈ ರೋಗದ ನಿರ್ಮೂಲನೆಯನ್ನೂ ಗುರಿಯಾಗಿಟ್ಟುಕೊಂಡಿತು. 1984ರಲ್ಲಿ ಭಾರತದಲ್ಲಿ ಸುಮಾರು 40,000 ರೋಗಿಗಳಿದ್ದರು. ಲಸಿಕೆಯಿರಲಿಲ್ಲ, ಗುಣಪಡಿಸುವ ಔಷಧಿಯೂ ಇರಲಿಲ್ಲ. ಆದರೂ 1996ರ ಜುಲೈನಲ್ಲಿ ಜೋಧಪುರ ಜಿಲ್ಲೆಯಲ್ಲಿ ಕಂಡದ್ದೇ ಕೊನೆಯ ಪ್ರಕರಣ. ಮನೆ ಮನೆಗೆ ಹೋಗಿ ರೋಗಿಗಳನ್ನು ಹುಡುಕಿದರು, ನೀರು ಸೋಸಲು ಬಟ್ಟೆ ಕೊಟ್ಟರು, ಕೈಪಂಪು ಹಾಕಿಸಿದರು. ಜಗತ್ತಿನ ಗುರಿ ಊರಿನ ಬಾವಿಗೆ ಇಳಿದಿತ್ತು.

ಕ್ಷಯದ ಗುರಿ ಹಾಗೆ ಇಳಿದಿಲ್ಲ. ಜಗತ್ತು 2030ರ ಗಡುವು ಹಾಕಿಕೊಂಡರೆ, ಭಾರತ ಇನ್ನೂ ಐದು ವರ್ಷ ಮೊದಲೇ, 2025ಕ್ಕೇ ಮುಗಿಸುತ್ತೇನೆಂದು 2018ರಲ್ಲಿ ಘೋಷಿಸಿತು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2015ರಲ್ಲಿ ಲಕ್ಷ ಜನರಲ್ಲಿ 237 ಮಂದಿಗೆ ತಗಲುತ್ತಿದ್ದ ರೋಗ 2024ರಲ್ಲಿ 187 ಮಂದಿಗೆ ತಗಲಿದೆ. ಇದು ಸಣ್ಣ ಸಾಧನೆಯಲ್ಲ, ಆದರೆ ಗುರಿ ಇನ್ನೂ ಬಹುದೂರ.

ಏಕೆಂದು ತಿಳಿಯಲು ಗಣಿಗಳ ನಾಡಾದ ಸಂಡೂರಿಗೆ ಬರಬೇಕು. ಇಲ್ಲಿನ ಕಬ್ಬಿಣದ ಅದಿರಿನ ಜೊತೆಗೇ ಬೆಣಚು ಬೆರೆತ ಕಲ್ಲಿನ ಪದರಗಳಿವೆ. ಅವನ್ನು ಅಗೆದು, ಪುಡಿಮಾಡಿದಾಗ ಸಿಲಿಕಾ ಧೂಳು ಏಳುತ್ತದೆ. ಸಿಲಿಕಾ ಹೊಕ್ಕ ಶ್ವಾಸಕೋಶಕ್ಕೆ ಕ್ಷಯ ಹಿಡಿಯುವ ಅಪಾಯ ಹಲವು ಪಟ್ಟು ಹೆಚ್ಚು. ಈ ಧೂಳಿನಿಂದ ಬರುವ ಶ್ವಾಸಕೋಶದ ರೋಗವಾದ ಸಿಲಿಕೋಸಿಸ್ ಅನ್ನು 2030ರೊಳಗೆ ತೊಲಗಿಸುವ ಕಾರ್ಯಕ್ರಮವನ್ನು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಮತ್ತು ವಿಶ್ವ ಆರೋಗ್ಯ ಸಂಸ್ಥೆ 1995ರಲ್ಲೇ ಆರಂಭಿಸಿದ್ದವು. ಗಣಿಯ ಕಾಯಂ ಕಾರ್ಮಿಕರಿಗೆ ಕಾನೂನಿನ ತಪಾಸಣೆಯಾದರೂ ಇದೆ. ಅದಿರು ಲಾರಿಯ ಚಾಲಕ, ಕ್ಲೀನರ್, ರಸ್ತೆ ಬದಿಯಲ್ಲಿ ಚಹಾ ಮಾರುವವಳು, ಎಲೆಗಳೆಲ್ಲ ಕೆಂಪಾದ ಹೊಲದಲ್ಲಿ ಕಳೆ ಕೀಳುವವಳು, ಇವರೆಲ್ಲ ಯಾರ ಲೆಕ್ಕದಲ್ಲಿದ್ದಾರೆ?

ಇದೇ ಭಾಗದ ಕಂಪ್ಲಿಯ ಕಷ್ಟ ಬೇರೆ. ಭತ್ತದ ಗದ್ದೆಯ ಕೆಲಸ ಮುಗಿದೊಡನೆ ಕೂಲಿಯವರು ಗುಳೆ ಹೊರಡುತ್ತಾರೆ. ಕ್ಷಯದ ಔಷಧಿ ಸಾಮಾನ್ಯವಾಗಿ ಆರು ತಿಂಗಳು ತಪ್ಪದೆ ನುಂಗಬೇಕು. ಪೌಷ್ಟಿಕ ಆಹಾರಕ್ಕೆ ತಿಂಗಳಿಗೆ 1,000 ರೂಪಾಯಿ ಖಾತೆಗೆ ಬರಬಹುದು, ಮಾತ್ರೆ ಸಿಗುವ ಕೇಂದ್ರ ಮಾತ್ರ ಪ್ರತಿ ಹೊಸ ಊರಿನಲ್ಲೂ ಹುಡುಕಬೇಕು.

ಜಗತ್ತಿಗೆ ಲೆಕ್ಕ ಒಪ್ಪಿಸುವುದು ಈ ಭಾಗಕ್ಕೆ ಹೊಸತಲ್ಲ. ಸ್ಮಾರಕಗಳ ಬಳಿ ಕಟ್ಟುತ್ತಿದ್ದ ಆನೆಗೊಂದಿ ಸೇತುವೆಯ ಕಾರಣಕ್ಕೆ ಯುನೆಸ್ಕೊ 1999ರಲ್ಲಿ ಹಂಪಿಯನ್ನು ಅಪಾಯದ ಪಟ್ಟಿಗೆ ಸೇರಿಸಿದಾಗ ಸರ್ಕಾರಗಳು ಎಚ್ಚೆತ್ತವು. 2006ರಲ್ಲಿ ಆ ಪಟ್ಟಿಯಿಂದ ಹೆಸರು ಹೊರಬಂತು. ಕಲ್ಲಿನ ಸ್ಮಾರಕಕ್ಕೆ ಸಿಕ್ಕ ಆ ಕಾಳಜಿ ಉಸಿರಾಡುವವರಿಗೂ ಸಿಗಬೇಕು.

ಹಣಕ್ಕಂತೂ ಕೊರತೆಯಿಲ್ಲ. ಗಣಿ ಕಾನೂನಿನ 2015ರ ತಿದ್ದುಪಡಿಯಿಂದ ಬಂದ ಜಿಲ್ಲಾ ಖನಿಜ ಪ್ರತಿಷ್ಠಾನದಲ್ಲಿ ಆರೋಗ್ಯ ಆದ್ಯತೆಯ ವಿಷಯ. ಹೊಸಪೇಟೆ, ಸಂಡೂರುಗಳಲ್ಲಿ ಅದಿರು ಸಾಗುವ ದಾರಿಯ ಪ್ರತಿ ಗ್ರಾಮ ಪಂಚಾಯಿತಿಗೂ ವರ್ಷಕ್ಕೊಮ್ಮೆ ಎದೆಯ ಎಕ್ಸ್‌ರೇ ವಾಹನ ಬರಲಿ, ಲಾರಿ ಚಾಲಕರನ್ನೂ ಅದರಡಿ ಸೇರಿಸಲಿ. ಊರಿನ ಧೂಳಿನ ಪ್ರಮಾಣವನ್ನು ಪಂಚಾಯಿತಿ ಗೋಡೆಯ ಮೇಲೆ ಬರೆಯಲಿ. ಈ ಊರುಗಳಿರುವ ಬಳ್ಳಾರಿ, ವಿಜಯನಗರ ಎರಡೂ ಜಿಲ್ಲಾಡಳಿತಗಳು ಮುಂದಿನ ಕ್ರಿಯಾಯೋಜನೆಯಲ್ಲೇ ಇದಕ್ಕೆ ಹಣ ಮೀಸಲಿಟ್ಟು, ಎಷ್ಟು ಜನರನ್ನು ಪರೀಕ್ಷಿಸಿದೆವೆಂಬ ಪಟ್ಟಿಯನ್ನು ಗ್ರಾಮಸಭೆಯಲ್ಲಿ ಓದಿ ಹೇಳಲಿ.