ಬಿ.ಪಿ. ಮಿಷನ್ ಬರಲಿ, ಜೊತೆಗೆ ಕೇಳುವವರೂ ಇರಲಿ

ಬಸುರಿಯರ ಮನೆಯವರಲ್ಲಿ, ಗ್ರಾಮ ಪಂಚಾಯಿತಿ ಸದಸ್ಯರಲ್ಲಿ ಮನವಿ

ಬಸುರಿಯ ಬಿ.ಪಿ. ಏರಿದರೂ ಮೈಗೆ ಏನೂ ಗೊತ್ತಾಗದೆ ಇರಬಹುದು. ತಲೆ ಸಿಡಿಯುವುದು, ಕಣ್ಣು ಮಂಜಾಗುವುದು, ಮುಖ ಊದುವುದು ಕಾಣುವ ಹೊತ್ತಿಗೆ ಕಾಯಿಲೆ ಬಲಿತಿರುತ್ತದೆ. ಆಮೇಲೆ ಫಿಟ್ಸ್ ಬರಲು ಹೊತ್ತು ಬೇಕಿಲ್ಲ. ತಿಂಗಳಿಗೊಮ್ಮೆ ತಾಯಿ ಕಾರ್ಡಿಗೆ ಬರೆಯುವ ಒಂದು ಅಂಕಿ ಇದನ್ನು ಹಿಡಿಯಲಾರದು. ಮನೆಯಲ್ಲೇ ಬಿ.ಪಿ. ನೋಡಿ, ಫೋನಿನಲ್ಲಿ ಆಸ್ಪತ್ರೆಗೆ ತಿಳಿಸುವ ವ್ಯವಸ್ಥೆ ನಮ್ಮ ಹಳ್ಳಿಗಳಿಗೆ ಬೇಕೇ ಬೇಕು.

ಆದರೆ ಮಿಷನ್ ಹಂಚಿ ಫೋಟೊ ತೆಗೆಸಿಕೊಂಡರೆ ಕೆಲಸ ಮುಗಿಯುವುದಿಲ್ಲ. ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಹಳ್ಳಿಗಳಲ್ಲಿ ‘ಕ್ಲಿಪ್’ ಎಂಬ ದೊಡ್ಡ ಪ್ರಯೋಗ ನಡೆದಿದೆ. ಪಾಕಿಸ್ತಾನ, ಮೊಜಾಂಬಿಕ್‌ಗಳಲ್ಲೂ ಅದೇ ನಡೆಯಿತು. ನಮ್ಮಲ್ಲಿ ಆಶಾ ಕಾರ್ಯಕರ್ತೆಯರು, ಎ.ಎನ್.ಎಂ.ಗಳು ಬಸುರಿಯರ ಬಿ.ಪಿ. ನೋಡಿ ಮೊಬೈಲ್ ಆ್ಯಪ್‌ಗೆ ತುಂಬುತ್ತಿದ್ದರು. ಅಪಾಯ ಕಂಡರೆ ಮಾತ್ರೆಯನ್ನೋ ಇಂಜೆಕ್ಷನ್ನನ್ನೋ ಕೊಟ್ಟು ಆಸ್ಪತ್ರೆಗೆ ಕಳಿಸಬೇಕಿತ್ತು. ಮೂರೂ ದೇಶಗಳ ಫಲಿತಾಂಶ 2020ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ಒಟ್ಟಾರೆ ತಾಯಿ-ಮಗುವಿನ ಸಾವುನೋವು ತಗ್ಗಿರಲಿಲ್ಲ. ಆದರೆ 8 ಅಥವಾ ಹೆಚ್ಚು ಸಲ ಭೇಟಿ ಸಿಕ್ಕ ಬಸುರಿಯರಲ್ಲಿ ತೊಂದರೆ ಕಡಿಮೆ ಕಂಡಿತು. ಇದೊಂದರಿಂದಲೇ ಎಲ್ಲ ತೀರ್ಮಾನವಾಗದು, ನಿಜ. ಆದರೂ ಅದೇ ಮಿಷನ್, ಅದೇ ಆ್ಯಪ್ ಇದ್ದ ಕಡೆ ಮನುಷ್ಯರು ಮತ್ತೆ ಮತ್ತೆ ಬಂದು ವಿಚಾರಿಸಿದ ಮನೆಗಳಲ್ಲಿ ವ್ಯತ್ಯಾಸ ಕಂಡಿದ್ದನ್ನು ತಳ್ಳಿಹಾಕುವಂತಿಲ್ಲ.

ಹಾಗೆ ಬಂದು ವಿಚಾರಿಸುವವರ ಸ್ಥಿತಿ ನೋಡಿ. 2025ರ ಜನವರಿಯಲ್ಲಿ ರಾಜ್ಯದ ಆಶಾ ಕಾರ್ಯಕರ್ತೆಯರು ಖಚಿತ ಗೌರವಧನ ಕೇಳಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲೂ ರಾತ್ರಿ ಕೂತರು. ಮಾಡಿದ ಕೆಲಸ ಆರೋಗ್ಯ ಇಲಾಖೆಯ ಪೋರ್ಟಲ್‌ನಲ್ಲಿ ದಾಖಲಾಗದೆ ಪ್ರೋತ್ಸಾಹಧನ ಕೈಗೆ ಬರುವುದಿಲ್ಲ ಎಂಬುದು ಅವರ ಹಳೆಯ ದೂರು. ಅವರ ಹೆಗಲಿಗೆ ಇನ್ನೊಂದು ಆ್ಯಪ್ ಹೊರಿಸಿ ದುಡ್ಡು ಮಾತ್ರ ಕೊಡದಿರುವುದು ಅನ್ಯಾಯ.

ಅಂಕಿ ಸರಿ ಬರಬೇಕಾದರೂ ಕಲಿಸಿಕೊಡುವವರು ಬೇಕು. ನೀರು ಹೊತ್ತು ತಂದವಳನ್ನು ಹಾಗೇ ಕೂರಿಸಿ, ಕುಪ್ಪಸದ ತೋಳಿನ ಮೇಲೆಯೇ ಪಟ್ಟಿ ಸುತ್ತಿದರೆ ಬರುವುದು ಸುಳ್ಳು ಅಂಕಿ. ಕುರ್ಚಿಗೆ ಬೆನ್ನು ಕೊಟ್ಟು, ಪಾದ ನೆಲಕ್ಕೂರಿ, 5 ನಿಮಿಷ ಮಾತಿಲ್ಲದೆ ಕೂರಬೇಕು. ಬರಿತೋಳಿಗೆ ಪಟ್ಟಿ ಕಟ್ಟಿ, ತೋಳು ಎದೆಮಟ್ಟದಲ್ಲಿರುವಂತೆ ಮೇಜಿನ ಮೇಲಿಡಬೇಕು. ಮೇಲಿನ ಅಂಕಿ 140 ಅಥವಾ ಕೆಳಗಿನದು 90 ಮುಟ್ಟಿದರೆ ಅದೇ ದಿನ ನರ್ಸಮ್ಮನಿಗೆ ಫೋನ್ ಮಾಡಿ. 160 ಅಥವಾ 110 ಮುಟ್ಟಿದರೆ ತಡಮಾಡದೆ 108ಕ್ಕೆ ಕರೆ ಮಾಡಿ.

ನಮ್ಮ ಬೇಡಿಕೆ ಇಷ್ಟು. ಪ್ರತಿ ಉಪಕೇಂದ್ರದಲ್ಲಿ ಬಸುರಿಯರಿಗೂ ಬಾಣಂತಿಯರಿಗೂ ಮನೆಗೆ ಕೊಟ್ಟು ವಾಪಸ್ ಪಡೆಯುವ ಬಿ.ಪಿ. ಮಿಷನ್‌ಗಳಿರಲಿ. ಅಂಕಿ ತಿಳಿಸಲು ಸ್ಮಾರ್ಟ್‌ಫೋನ್ ಕಡ್ಡಾಯ ಮಾಡಬೇಡಿ, ಸಾದಾ ಫೋನಿನ ಕರೆ ಸಾಕು. ಆ ಕರೆ ತೆಗೆದುಕೊಂಡು ಅಂದೇ ಉತ್ತರಿಸುವ ಹೊಣೆ ಯಾರದೆಂದು ಪಿ.ಎಚ್.ಸಿ. ಗೋಡೆಯ ಮೇಲೆ ಬರೆಸಿ. ಪ್ರತಿ ಮನೆಭೇಟಿಗೂ ಆಶಾ ಕಾರ್ಯಕರ್ತೆಗೆ ಹಣ ಸಿಗಲಿ, ಪೋರ್ಟಲ್ ಕೆಟ್ಟರೂ ನಿಲ್ಲದಿರಲಿ. ಬಿ.ಪಿ. ಮಾತ್ರೆ ಪಿ.ಎಚ್.ಸಿ.ಯಲ್ಲಿ ಒಂದು ದಿನವೂ ಖಾಲಿಯಾಗಬಾರದು. ಮಾತ್ರೆಯೇ ಇಲ್ಲದ ಕಡೆ ಅಂಕಿ ತಿಳಿದು ಏನು ಮಾಡುವುದು?

ಮುಂದಿನ ಗ್ರಾಮಸಭೆಗೆ ಬಸುರಿಯರನ್ನೂ ಅವರ ಅತ್ತೆಯರನ್ನೂ ಕರೆತನ್ನಿ. ಈ ಬೇಡಿಕೆಗಳನ್ನು ನಿರ್ಣಯವಾಗಿ ನಡಾವಳಿ ಪುಸ್ತಕದಲ್ಲಿ ಬರೆಸಿ, ಪಿ.ಡಿ.ಒ. ಸಹಿ ಹಾಕಿಸಿ, ಒಂದು ಪ್ರತಿಯನ್ನು ತಾಲ್ಲೂಕು ಆರೋಗ್ಯಾಧಿಕಾರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ.