ಆಕಾಶದ ಅಂಗಳ: ಮೂಲಾ ನಕ್ಷತ್ರದ ಸಂಸಾರ

ಹೋದ ತಿಂಗಳ ಮೊದಲ ವಾರದಲ್ಲಿ ಒಂದು ಸಂಜೆ ನನ್ನ ಹಳೆಯ ಶಿಷ್ಯನೊಬ್ಬನು ಮನೆಗೆ ಬಂದನು. ನಾನು ಉಪಾಧ್ಯಾಯ ವೃತ್ತಿಗೆ ಸೇರಿದ ಹೊಸತರಲ್ಲಿ ನನ್ನೆದುರು ಕೈಕಟ್ಟಿ ನಿಂತು ರಾಮಶಬ್ದ ಒಪ್ಪಿಸುತ್ತಿದ್ದ ಹುಡುಗ. ಈಗ ಐವತ್ತರ ಅಂಚಿನಲ್ಲಿರುವ ಗೃಹಸ್ಥ. ಜಗುಲಿಯ ಮೇಲೆ ಕುಳಿತು ಕಾಫಿಯ ಲೋಟವನ್ನು ಮುಟ್ಟದೆ ಬಹಳ ಹೊತ್ತು ಸುಮ್ಮನಿದ್ದು, ಆಮೇಲೆ ಹೇಳಿದನು: “ಮೇಷ್ಟರೆ, ಮಗಳ ಜಾತಕ ಮೂರನೆಯ ಸಲವೂ ಹಿಂದಕ್ಕೆ ಬಂದಿತು. ಹುಡುಗಿಯನ್ನು ಯಾರೂ ಬೇಡವೆನ್ನಲಿಲ್ಲ; ನಕ್ಷತ್ರ ಮೂಲಾ ಎಂದೊಡನೆ ಮಾತು ನಿಂತುಹೋಗುತ್ತದೆ. ಮಾವನಿಗೆ ಆಗದಂತೆ. ತಾವು ಸಂಸ್ಕೃತ ಓದಿದವರು. ಆ ನಕ್ಷತ್ರದಲ್ಲಿ ಅಂಥದೇನಿದೆ, ಹೇಳಿ.”

ನಾನು ಕೂಡಲೆ ಉತ್ತರ ಹೇಳಲಾರದೆ ಹೋದೆನು. ಅದಕ್ಕೆ ಕಾರಣವೊಂದುಂಟು, ಅದನ್ನು ಕೊನೆಯಲ್ಲಿ ವಾಚಕರ ಮುಂದೆ ನಿವೇದಿಸುವೆನು. ಮೊದಲು, ಆ ನಕ್ಷತ್ರದಲ್ಲಿ ನಿಜವಾಗಿ ಏನಿದೆಯೆಂಬುದನ್ನು ನೋಡೋಣ. ಏಕೆಂದರೆ ಅಲ್ಲಿ ಏನೋ ಇರುವುದು ನಿಜ. 2022ನೆಯ ಇಸವಿಯಲ್ಲಿ ಅದನ್ನು ಕಂಡವರು ಲೋಕಕ್ಕೆ ತಿಳಿಸಿದ್ದಾರೆ.

ವೃಶ್ಚಿಕ ರಾಶಿಯನ್ನು ನೋಡದವರು ಕಡಮೆ. ಚೇಳಿನ ಎದೆಯಲ್ಲಿ ಕೆಂಪಾಗಿ ಉರಿಯುವುದೇ ಜ್ಯೇಷ್ಠಾ. ಅದರ ಮುಂದಿನ ಸಾಲು ಅನೂರಾಧಾ. ಕೊಂಕಿಯಂತೆ ಬಾಗಿದ ಬಾಲದ ತಾರೆಗಳೇ ಮೂಲಾ. ಈ ರಾಶಿಯಿಂದ ನರಾಶ್ವವೆಂಬ ಸೆಂಟಾರಸ್ ಮಂಡಲದವರೆಗೆ ಹರಡಿಕೊಂಡಿರುವ ಅನೇಕ ನಕ್ಷತ್ರಗಳು ಒಂದೇ ಕುಲಕ್ಕೆ ಸೇರಿದುವು. ಒಂದೇ ಮೇಘರಾಶಿಯಿಂದ ಹುಟ್ಟಿ, ಒಂದೇ ದಿಕ್ಕಿಗೆ ಸಾಗುತ್ತಿರುವುವು. ಇವುಗಳಲ್ಲಿ ಹಲವು ಸೂರ್ಯನಿಗಿಂತ ಬಹಳ ಭಾರವಾದುವು, ಬಹಳ ಬಿಸಿಯಾದುವು. ಅದಕ್ಕಿಂತ ಹೆಚ್ಚಾಗಿ, ಬಹಳ ಎಳೆಯವು. ನಮ್ಮ ಸೂರ್ಯನ ವಯಸ್ಸು ಸುಮಾರು 460 ಕೋಟಿ ವರ್ಷ. ಇವುಗಳದು ಒಂದೆರಡು ಕೋಟಿ ವರ್ಷ. ಜ್ಯೇಷ್ಠಾ ಎಂದರೆ ಹಿರಿಯಳು ಎಂದರ್ಥ; ನಿಜದಲ್ಲಿ ಆಕೆ ನಮ್ಮ ಸೂರ್ಯನ ಮುಂದೆ ತೊಟ್ಟಿಲ ಕೂಸು.

ಇಂತಹ ಬೃಹನ್ನಕ್ಷತ್ರಗಳ ಸುತ್ತ ಗ್ರಹಗಳಿರುವುವೇ ಎಂಬುದು ಬಹುಕಾಲ ಉತ್ತರವಿಲ್ಲದ ಪ್ರಶ್ನೆಯಾಗಿದ್ದಿತು. ಗ್ರಹಗಳು ಹುಟ್ಟುವುದು ಎಳೆಯ ನಕ್ಷತ್ರವನ್ನು ಸುತ್ತುವರಿದ ಧೂಳು ಮತ್ತು ಅನಿಲದ ಬಿಲ್ಲೆಯಲ್ಲಿ. ಭಾರವಾದ ನಕ್ಷತ್ರವು ಸೂಸುವ ತೀಕ್ಷ್ಣವಾದ ನೇರಳಾತೀತ ಕಿರಣಗಳು ಆ ಬಿಲ್ಲೆಯನ್ನು ಬೇಗನೆ ಆವಿಯಾಗಿಸಿ ಚದುರಿಸಿಬಿಡುವುವು. ಹಿಟ್ಟು ಕಲಸುವುದಕ್ಕೆ ಮುಂಚೆಯೇ ಬಿರುಗಾಳಿಗೆ ಹಾರಿಹೋದರೆ ರೊಟ್ಟಿಯೆಲ್ಲಿ? ಸೂರ್ಯನ ಎರಡರಷ್ಟು ತೂಗುವ ನಕ್ಷತ್ರಗಳವರೆಗೆ ದೊಡ್ಡ ಗ್ರಹಗಳು ಹೆಚ್ಚು ಹೆಚ್ಚಾಗಿ ದೊರಕುವುವೆಂದೂ, ಮೂರರಷ್ಟನ್ನು ದಾಟಿದ ಮೇಲೆ ಅವು ಕಾಣಿಸುವುದೇ ಇಲ್ಲವೆಂದೂ ಅಳತೆಗಳು ತೋರಿಸಿದ್ದುವು. ಆದಕಾರಣ ಭಾರಿಯ ನಕ್ಷತ್ರಗಳು ಬಂಜೆಗಳೆಂಬ ಅಭಿಪ್ರಾಯ ಬೇರೂರತೊಡಗಿತು.

ಆದರೆ ಕಾಣಲಿಲ್ಲವೆಂದ ಮಾತ್ರಕ್ಕೆ ಇಲ್ಲವೆನ್ನಬಹುದೆ? 1995ರಲ್ಲಿ ಸ್ವಿಟ್ಜರ್ಲೆಂಡಿನ ಮಿಶೆಲ್ ಮೇಯರ್ ಮತ್ತು ದಿದಿಯೇ ಕೆಲೋ ಎಂಬ ವಿದ್ವಾಂಸರು ಸೂರ್ಯಸದೃಶವಾದ ನಕ್ಷತ್ರವೊಂದರ ಗ್ರಹವನ್ನು ಮೊತ್ತಮೊದಲು ಕಂಡುಹಿಡಿದರು. ಅದಕ್ಕಾಗಿ 2019ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದರು. ಅವರು ಗ್ರಹವನ್ನು ನೋಡಿದುದಲ್ಲ. ಗ್ರಹದ ಸೆಳೆತಕ್ಕೆ ನಕ್ಷತ್ರವು ತೂಗಾಡುವುದನ್ನು ಅದರ ಬೆಳಕಿನ ವರ್ಣರೇಖೆಗಳಲ್ಲಿ ಅಳೆದರು. ಬಿಸಿಯಾದ ಬೃಹನ್ನಕ್ಷತ್ರಗಳ ವಿಷಯದಲ್ಲಿ ಈ ಉಪಾಯ ಸಾಗದು. ಅವುಗಳ ಬೆಳಕಿನಲ್ಲಿ ರೇಖೆಗಳೇ ವಿರಳ. ಅವು ಬುಗುರಿಯಂತೆ ಅತಿವೇಗವಾಗಿ ತಿರುಗುವುದರಿಂದ ಇರುವ ರೇಖೆಗಳೂ ಕದಡಿಹೋಗಿರುವುವು. ಆದುದರಿಂದ ಉಳಿದ ದಾರಿಯೆಂದರೆ ಗ್ರಹವನ್ನು ನೇರವಾಗಿ ಕಣ್ಣಾರೆ ಕಾಣುವುದು.

ಅದೇನು ಸುಲಭವೆ? ನಮ್ಮ ಗುರುಗ್ರಹವೇ ಸೂರ್ಯನಿಗಿಂತ ಸುಮಾರು ನೂರು ಕೋಟಿ ಪಾಲು ಮಂಕು. ತೇರಿನ ಮುಂದೆ ಹೊತ್ತುಕೊಂಡು ಹೋಗುವ ಗ್ಯಾಸ್ ದೀಪದ ಪಕ್ಕದಲ್ಲಿ ಹಾರುವ ಮಿಂಚುಹುಳುವನ್ನು ಊರಾಚೆಯ ಗುಡ್ಡದಿಂದ ಗುರುತಿಸಿದಂತೆ. ಇಲ್ಲಿ ಎಳೆತನವೇ ನೆರವಿಗೆ ಬರುತ್ತದೆ. ಹೊಸದಾಗಿ ಹುಟ್ಟಿದ ದೊಡ್ಡ ಗ್ರಹವು ಒಲೆಯಿಂದ ಆಗತಾನೆ ಇಳಿಸಿದ ಕಾವಲಿಯಂತೆ ಕೋಟ್ಯಂತರ ವರ್ಷ ಬಿಸಿಯಾಗಿಯೇ ಇರುವುದು. ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನು ತಾನೇ ಸೂಸುವುದು. ವಯಸ್ಸಾದಂತೆ ತಣಿದು ಮರೆಯಾಗುವುದು. ಎಳೆಯ ನಕ್ಷತ್ರಗಳನ್ನೇ ಆರಿಸಿ ಹುಡುಕುವುದು ಈ ಕಾರಣದಿಂದ. 2008ರಲ್ಲಿ ಎಚ್.ಆರ್. 8799 ಎಂಬ ಎಳೆಯ ನಕ್ಷತ್ರದ ಮೂರು ಗ್ರಹಗಳ ಚಿತ್ರ ದೊರಕಿದುದೂ ಹೀಗೆಯೇ. ಆದರೆ ಅದರ ತೂಕ ಸೂರ್ಯನ ಒಂದೂವರೆಯಷ್ಟು ಮಾತ್ರ.

ದಕ್ಷಿಣ ಅಮೆರಿಕದ ಚಿಲಿ ದೇಶದಲ್ಲಿ, ಆಟಕಾಮಾ ಮರುಭೂಮಿಯ ಪಾರನಾಲ್ ಎಂಬ ಬೆಟ್ಟದ ಮೇಲೆ, ಸಮುದ್ರಮಟ್ಟದಿಂದ 2,635 ಮೀಟರ್ ಎತ್ತರದಲ್ಲಿ, ಯೂರೋಪಿನ ದೇಶಗಳು ಕೂಡಿ ಕಟ್ಟಿಸಿದ ನಾಲ್ಕು ಮಹಾ ದೂರದರ್ಶಕಗಳಿವೆ. ಒಂದೊಂದರ ದರ್ಪಣವೂ 8.2 ಮೀಟರ್ ಅಗಲ. ಅವುಗಳಲ್ಲೊಂದಕ್ಕೆ 2014ರಲ್ಲಿ ಸ್ಫಿಯರ್ ಎಂಬ ಉಪಕರಣವನ್ನು ಜೋಡಿಸಿದರು. ಇದರ ಚಾತುರ್ಯ ಎರಡು ಬಗೆಯದು. ಹರಿಯುವ ಹೊಳೆಯ ತಳದ ಕಲ್ಲು ನಡುಗುವಂತೆ ತೋರುವ ಹಾಗೆ, ನಮ್ಮ ವಾಯುಮಂಡಲದ ಕದಲಿಕೆಯಿಂದ ನಕ್ಷತ್ರ ಮಿನುಗುತ್ತದೆ. ಸ್ಫಿಯರಿನಲ್ಲಿರುವ ಒಂದು ಬಾಗುವ ಕನ್ನಡಿ ಒಂದು ಸೆಕೆಂಡಿನಲ್ಲಿ ಸಾವಿರಕ್ಕೂ ಹೆಚ್ಚು ಸಲ ತನ್ನ ಆಕಾರವನ್ನು ಬದಲಿಸಿಕೊಂಡು ಆ ನಡುಕವನ್ನು ಸರಿಪಡಿಸುವುದು. ಎರಡನೆಯದಾಗಿ, ಬಿಸಿಲಿನಲ್ಲಿ ನಾವು ಹುಬ್ಬಿಗೆ ಕೈ ಅಡ್ಡ ಹಿಡಿದು ದೂರ ನೋಡುವಂತೆ, ಒಂದು ಸಣ್ಣ ಮುಸುಕು ನಕ್ಷತ್ರದ ಬೆಳಕನ್ನು ಮರೆಮಾಡುವುದು.

ಸ್ಟಾಕ್‌ಹೋಮ್ ವಿಶ್ವವಿದ್ಯಾನಿಲಯದ ಮಾರ್ಕುಸ್ ಯಾನ್ಸನ್ ಎಂಬವರ ಮುಂದಾಳುತನದಲ್ಲಿ ಒಂದು ವಿದ್ವಜ್ಜನ ತಂಡವು ವೃಶ್ಚಿಕ-ನರಾಶ್ವ ಕುಲದ 85 ಬೃಹನ್ನಕ್ಷತ್ರಗಳನ್ನು ಆರಿಸಿಕೊಂಡು ಈ ಉಪಕರಣದಿಂದ ಹುಡುಕಲು ಹೊರಟಿತು. ಮುಸುಕಿನ ಪಕ್ಕದಲ್ಲಿ ಮಂಕಾದ ಚುಕ್ಕೆಯೊಂದು ಕಂಡರೆ ಕೆಲಸ ಮುಗಿಯಿತೆಂದು ತಿಳಿಯಬಾರದು. ವೃಶ್ಚಿಕವಿರುವುದು ಆಕಾಶಗಂಗೆಯ ದಿಕ್ಕಿನಲ್ಲಿ. ಹಿಂದೆ ಬಹುದೂರದಲ್ಲಿರುವ ತಾರೆಗಳು ಅಕಸ್ಮಾತ್ತಾಗಿ ಪಕ್ಕದಲ್ಲಿ ನಿಂತಂತೆ ತೋರುವುದು ಹೆಚ್ಚು. ಜಾತ್ರೆಯ ಗುಂಪಿನಲ್ಲಿ ಇಬ್ಬರು ಒತ್ತಾಗಿ ನಿಂತಿರುವುದನ್ನು ಒಮ್ಮೆ ನೋಡಿ ಅವರು ಬಂಧುಗಳೆನ್ನಲಾದೀತೆ? ಸ್ವಲ್ಪ ಹೊತ್ತು ಬಿಟ್ಟು ನೋಡಬೇಕು. ಇಬ್ಬರೂ ಒಟ್ಟಿಗೆ ನಡೆದು ಬಂದಿದ್ದರೆ ಒಂದೇ ಮನೆಯವರು. ಹಾಗೆಯೇ ಒಂದೆರಡು ವರ್ಷ ಕಾದು ಮತ್ತೆ ಚಿತ್ರ ತೆಗೆಯುವರು. ನಕ್ಷತ್ರದೊಡನೆ ಚುಕ್ಕೆಯೂ ಅಷ್ಟೇ ದೂರ ಸರಿದಿದ್ದರೆ ಸಂಗಾತಿ, ಹಿಂದುಳಿದರೆ ಪರಕೀಯ.

ಹೀಗೆ ಕಾದವರಿಗೆ ಫಲ ದೊರಕಿತು. ನರಾಶ್ವ ಮಂಡಲದಲ್ಲಿ, 325 ಜ್ಯೋತಿರ್ವರ್ಷಗಳ ದೂರದಲ್ಲಿ, ಬರಿಗಣ್ಣಿಗೆ ಕಾಣುವ ‘ಬಿ ಸೆಂಟಾರಿ’ ಎಂಬ ತಾರೆಯುಂಟು. ಪ್ರಸಿದ್ಧವಾದ ‘ಬೀಟಾ ಸೆಂಟಾರಿ’ ಬೇರೆ. ಒಂದಾಗಿ ತೋರಿದರೂ ಅದು ಎರಡು ನಕ್ಷತ್ರಗಳ ಜೋಡಿ. ಎರಡೂ ಸೇರಿ ಸೂರ್ಯನ ಆರರಿಂದ ಹತ್ತರಷ್ಟು ತೂಕ. 2019ರಲ್ಲಿಯೂ 2021ರಲ್ಲಿಯೂ ತೆಗೆದ ಚಿತ್ರಗಳಲ್ಲಿ ಅದರ ಜೊತೆಜೊತೆಗೆ ಸಾಗುವ ಒಂದು ಗ್ರಹ ಕಂಡುಬಂದಿತು. ಅದು ಗುರುಗ್ರಹದ ಹನ್ನೊಂದರಷ್ಟು ತೂಗುವುದು; ಸೂರ್ಯನಿಂದ ಗುರುವಿರುವ ದೂರದ ನೂರರಷ್ಟು ದೂರದಲ್ಲಿರುವುದು. 2021ರ ಡಿಸೆಂಬರಿನಲ್ಲಿ ಈ ವಾರ್ತೆ ಪ್ರಕಟವಾಯಿತು. ಆಮೇಲೆ ಹಳೆಯ ಕಡತಗಳನ್ನು ತಿರುವಿ ನೋಡಲು, 2000ನೆಯ ಇಸವಿಯಲ್ಲಿಯೇ ಚಿಲಿಯ ಬೇರೊಂದು ದೂರದರ್ಶಕವು ತೆಗೆದ ಚಿತ್ರದಲ್ಲಿ ಆ ಗ್ರಹ ಸಿಕ್ಕಿದ್ದಿತು! ಎರಡು ದಶಕಗಳ ಕಾಲ ಅದು ಕಣ್ಣೆದುರಿಗಿದ್ದರೂ ಯಾರೂ ಅದನ್ನು ಗ್ರಹವೆಂದು ಗುರುತಿಸಿರಲಿಲ್ಲ.

ಇನ್ನು ಮೂಲೆಯ ಮಾತು. ಚೇಳಿನ ಬಾಲದಲ್ಲಿ ಒತ್ತೊತ್ತಾಗಿ ಎರಡು ತಾರೆಗಳಿವೆ; ಅವುಗಳಲ್ಲಿ ಸ್ವಲ್ಪ ಮಂಕಾದುದನ್ನು ‘ಮ್ಯೂ-2 ಸ್ಕಾರ್ಪಿ’ ಎನ್ನುವರು. ಅದು ಸೂರ್ಯನ ಒಂಬತ್ತರಷ್ಟು ತೂಗುವುದು. ದೂರ ಸುಮಾರು 550 ಜ್ಯೋತಿರ್ವರ್ಷ. ವಯಸ್ಸು ಎರಡು ಕೋಟಿ ವರ್ಷ. 2022ರಲ್ಲಿ ಇದೇ ತಂಡದವರಾದ ಇಟಲಿಯ ವೀಟೋ ಸ್ಕ್ವಿಚ್ಚಾರೀನಿ ಮತ್ತು ಸಂಗಡಿಗರು ಅದರ ಸುತ್ತ, ಭೂಮಿಗೂ ಸೂರ್ಯನಿಗೂ ಇರುವ ದೂರದ 290ರಷ್ಟು ಆಚೆ, ಒಂದು ಸಂಗಾತಿಯನ್ನು ಕಂಡರು. ಬಹಳ ಒಳಗೆ, ಸುಮಾರು 21ರಷ್ಟು ದೂರದಲ್ಲಿ, ಇನ್ನೊಂದು ಇರುವ ಸಂಭವವನ್ನೂ ಸೂಚಿಸಿದರು. ಹೊರಗಿನದರ ತೂಕ ಗುರುಗ್ರಹದ ಹದಿನಾಲ್ಕರಷ್ಟಕ್ಕಿಂತ ತುಸು ಹೆಚ್ಚು.

ಇಲ್ಲಿ ಹೆಸರಿನ ತೊಡಕು ಬಂದಿತು. ಗುರುವಿನ ಹದಿಮೂರರಷ್ಟನ್ನು ಮೀರಿದ ಕಾಯದ ಒಡಲಲ್ಲಿ ಡ್ಯೂಟೀರಿಯಮ್ ಎಂಬ ಭಾರವಾದ ಜಲಜನಕವು ಕೆಲಕಾಲ ಉರಿಯುವುದು; ಸುಮಾರು ಎಪ್ಪತ್ತೈದು ಎಂಬತ್ತರಷ್ಟನ್ನು ದಾಟಿದರೆ ಸಾಮಾನ್ಯ ಜಲಜನಕವೇ ಉರಿದು ಅದು ನಕ್ಷತ್ರವಾಗುವುದು. ಇವೆರಡರ ನಡುವಣ, ಹೊತ್ತಿಯೂ ಹೊತ್ತದ ಕಾಯಗಳೇ ಕಂದು ಕುಬ್ಜಗಳು. ಇಂತಹವು ಇರಬೇಕೆಂದು 1960ರ ದಶಕದ ಆದಿಯಲ್ಲಿಯೇ ಲೆಕ್ಕಹಾಕಿ ತೋರಿಸಿದವರು ಭಾರತಸಂಜಾತರಾದ ಶಿವ ಎಸ್. ಕುಮಾರ್ ಎಂಬವರು, ‘ಕಂದು ಕುಬ್ಜ’ ಎಂಬ ಹೆಸರಿಟ್ಟವರು 1975ರಲ್ಲಿ ಅಮೆರಿಕದ ಜಿಲ್ ಟಾರ್ಟರ್ ಎಂಬ ವಿದುಷಿ, ಸಂದೇಹವಿಲ್ಲದಂತೆ ಅವು ಕಂಡುದು 1995ರಲ್ಲಿ. ಮ್ಯೂ-2ರ ಸಂಗಾತಿ ಸರಿಯಾಗಿ ಗಡಿಯ ಮೇಲೆ ಕುಳಿತಿದೆ. ಬರಿಯ ತೂಕವನ್ನು ಹಿಡಿದರೆ ಅದು ಕಂದು ಕುಬ್ಜ. ಆದರೆ ತನ್ನ ಒಡೆಯನೊಡನೆ ಅದಕ್ಕಿರುವ ತೂಕದ ಪ್ರಮಾಣವು ಸೂರ್ಯನಿಗೂ ಗುರುವಿಗೂ ಇರುವ ಪ್ರಮಾಣದಿಂದ ಬಹಳ ದೂರವಿಲ್ಲ; ಅದಕ್ಕೆ ಬೀಳುವ ಬಿಸಿಲೂ ಗುರುವಿಗೆ ಬೀಳುವಷ್ಟೇ. ಆ ಲೆಕ್ಕದಲ್ಲಿ ಅದು ಗ್ರಹವೇ. ‘ಹಿಡಿ’ ಎಂಬರ್ಥದ ಧಾತುವಿನಿಂದ ಬಂದುದು ಗ್ರಹಶಬ್ದ; ಈ ಕಾಯವು ಮಾತ್ರ ಯಾವ ಹೆಸರಿನ ಹಿಡಿತಕ್ಕೂ ಸುಲಭವಾಗಿ ಸಿಕ್ಕದು.

ಇವು ಹುಟ್ಟಿದ ಬಗೆಯೂ ವಿವಾದಾಸ್ಪದ. ಅಷ್ಟು ದೂರದಲ್ಲಿ ಧೂಳಿನ ಕಣಕ್ಕೆ ಕಣ ಸೇರಿ ಮೆಲ್ಲಗೆ ಬೆಳೆಯಲು ಸಮಯ ಸಾಲದು. ಬಿಲ್ಲೆಯ ಒಂದು ಭಾಗವು ತನ್ನ ಭಾರಕ್ಕೆ ತಾನೇ ಕುಸಿದು ಒಮ್ಮೆಗೇ ಗಟ್ಟಿಯಾಯಿತೋ, ಬೇರೆಡೆ ಹುಟ್ಟಿದುದನ್ನು ಈ ನಕ್ಷತ್ರ ಸೆಳೆದು ಸಾಕಿಕೊಂಡಿತೋ ಎಂದು ವಿದ್ವಾಂಸರು ವಿಚಾರಿಸುತ್ತಿದ್ದಾರೆ. ಬೃಹನ್ನಕ್ಷತ್ರಗಳು ಬಂಜೆಗಳೆಂಬ ಮಾತಂತೂ ಇನ್ನು ನಿಲ್ಲದು.

ಈಗ ನನ್ನ ಮೌನದ ಕಾರಣವನ್ನು ಹೇಳುವೆನು. ಸುಮಾರು ಮೂವತ್ತು ವರ್ಷಗಳ ಹಿಂದೆ ನನ್ನ ತಮ್ಮನಿಗೆ ಹೆಣ್ಣು ನೋಡುತ್ತಿದ್ದೆವು. ಒಂದು ಸಂಬಂಧ ಎಲ್ಲರಿಗೂ ಮೆಚ್ಚಿಗೆಯಾಯಿತು. ಹುಡುಗಿ ವಿದ್ಯಾವಂತೆ, ವಿನಯವಂತೆ. ನಕ್ಷತ್ರ ಮೂಲಾ ಎಂದು ತಿಳಿದಾಗ, ನಮ್ಮ ತಂದೆಯವರ ಆಯುಸ್ಸಿಗೆ ಕುಂದೆಂದು ಮನೆಯಲ್ಲಿ ಅಳುಕು ಹುಟ್ಟಿತು. ಓದಿದವನೆಂದು ನನ್ನ ಅಭಿಪ್ರಾಯ ಕೇಳಿದರು. ಚಂದ್ರನಿರುವುದು ನಮ್ಮಿಂದ ಸುಮಾರು ನಾಲ್ಕು ಲಕ್ಷ ಕಿಲೋಮೀಟರ್ ದೂರದಲ್ಲಿ, ಆ ತಾರೆಗಳಿರುವುದು ನೂರಾರು ಜ್ಯೋತಿರ್ವರ್ಷಗಳ ಆಚೆ, ಒಂದರ ಮುಂದೆ ಇನ್ನೊಂದು ಹಾದುಹೋದ ಮಾತ್ರಕ್ಕೆ ಆ ಹೆಣ್ಣಿನ ತಪ್ಪೇನೆಂದು ನನಗೆ ಆಗಲೂ ಗೊತ್ತಿದ್ದಿತು. ಆದರೂ ಹಿರಿಯರ ಮಾತಿಗೆ ಎದುರಾಡಬಾರದೆಂದು ಸುಮ್ಮನಿದ್ದೆನು. ಹುಡುಗಿಯ ತಂದೆ ಏನೂ ಆಡದೆ ಜಾತಕವನ್ನು ಮಡಿಸಿ ಜೇಬಿಗಿಟ್ಟುಕೊಂಡು ಎದ್ದುಹೋದರು. ಮರುವರ್ಷವೇ ನಮ್ಮ ತಂದೆಯವರು ತೀರಿಕೊಂಡರು. ಮನೆಗೆ ಆಗಿನ್ನೂ ಯಾವ ಸೊಸೆಯೂ ಬಂದಿರಲಿಲ್ಲ.

ಇದನ್ನೆಲ್ಲ ಶಿಷ್ಯನಿಗೆ ಹೇಳಿದೆನು. ತಿಂಗಳ ಕೊನೆಯಲ್ಲಿ ನಾಲ್ಕನೆಯ ಸಂಬಂಧವೊಂದು ಕೂಡಿಬರುವಂತೆ ತೋರಿದಾಗ ನಾನೂ ಅವನೊಡನೆ ಹೋದೆನು. ವರನ ತಂದೆಯವರು ನನ್ನ ಓರಗೆಯವರು. ಊಟವಾದ ಮೇಲೆ ಅವರನ್ನು ಮಹಡಿಯ ಮೇಲಕ್ಕೆ ಕರೆದು, ಬಾಲದ ಆ ಜೋಡಿಯನ್ನು ತೋರಿಸಿ, ಮೇಲಿನ ಕಥೆಯನ್ನೂ ನನ್ನ ಮನೆಯ ಕಥೆಯನ್ನೂ ಹೇಳಿದೆನು. ಬಹಳ ಹೊತ್ತು ನೋಡುತ್ತ ನಿಂತಿದ್ದು ಅವರೆಂದರು: “ಆ ಮಾವ ನಾನೇ ತಾನೇ, ಮೇಷ್ಟರೆ. ನನ್ನ ಭಯ ನನಗಿರಲಿ. ಮೊದಲು ಹುಡುಗ ಹುಡುಗಿ ಮಾತನಾಡಲಿ.” ಮುಂದಿನ ಭಾನುವಾರ ಅವರು ಹುಡುಗಿಯ ಮನೆಗೆ ಬರುವವರಿದ್ದಾರೆ.

ಶಾಸ್ತ್ರವನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಅದನ್ನೋದಿಯೇ ನಾನು ಅನ್ನ ತಿಂದವನು. ಹೆಣ್ಣುಮಕ್ಕಳ ತಂದೆತಾಯಂದಿರಿಗೂ ಗಂಡುಮಕ್ಕಳ ತಂದೆತಾಯಂದಿರಿಗೂ ನನ್ನ ಬಿನ್ನಹವಿಷ್ಟೆ: ಜೂನ್ ತಿಂಗಳಲ್ಲಿ ಮೋಡವಿಲ್ಲದ ರಾತ್ರಿ ದೊರೆತರೆ, ಹತ್ತು ಗಂಟೆಯ ಮೇಲೆ ದಕ್ಷಿಣಕ್ಕೆ ಮುಖಮಾಡಿ ನಿಲ್ಲಿರಿ. ಕೆಂಪಾದ ಜ್ಯೇಷ್ಠೆಯಿಂದ ಬಾಲದಗುಂಟ ಕೆಳಕ್ಕೆ ಇಳಿಯಿರಿ. ಜೋಡಿ ತಾರೆ ಸಿಗುವುದು. ಕಣ್ಣು ಚುರುಕಾದ ಮಕ್ಕಳನ್ನು ಜೊತೆಗೆ ಕರೆದುಕೊಳ್ಳಿರಿ. ಎರಡನ್ನು ಬಿಡಿಸಿ ಕಾಣುವವರು ಅವರೇ.