ನಳ್ಳಿ ತಿರುಗಿಸಿ ನೋಡುವ ಡಾಕ್ಟರು

ಕಳೆದ ತಿಂಗಳು ಒಂದು ದಿನ ಬೆಳಿಗ್ಗೆ ಮದ್ರಸ ಬಿಟ್ಟ ಮೇಲೆ ಒಬ್ಬರು ಉಮ್ಮ ಗೇಟಿನ ಬಳಿ ಕಾಯುತ್ತಿದ್ದರು. ಅವರ ಮಗ ನನ್ನಲ್ಲೇ ಕಿತಾಬು ಓದಿದವನು. ಈಗ ಎಂಬಿಬಿಎಸ್ ಮುಗಿಸಿ ಆಸ್ಟ್ರೇಲಿಯಾದ ಪರೀಕ್ಷೆಗೆ ತಯಾರಿ ಮಾಡುತ್ತಿದ್ದಾನೆ. "ಉಸ್ತಾದರೇ, ನೀವೊಂದು ಮಾತು ಹೇಳಬೇಕು. ಅವನಿಗೆ ಸಿಡ್ನಿ ಬೇಡವಂತೆ, ಮರುಭೂಮಿಯಲ್ಲಿ ಆದಿವಾಸಿಗಳ ಊರಿಗೆ ಹೋಗುತ್ತಾನಂತೆ. ಇಷ್ಟು ಖರ್ಚು ಮಾಡಿ ಓದಿಸಿದ್ದು ಇದಕ್ಕಾ?" ಎಂದರು. ನನಗೆ ತಕ್ಷಣ ಉತ್ತರ ಬರಲಿಲ್ಲ. ಆಮೇಲೆ ಹುಡುಗನನ್ನೇ ಕೂರಿಸಿ ಕೇಳಿದೆ, ಅವನು ಕೊಟ್ಟದ್ದನ್ನು ಓದಿದೆ. ಇದೇ ಪ್ರಶ್ನೆ ನಾಳೆ ಬೇರೆ ಮನೆಯಲ್ಲೂ ಬರಬಹುದು, ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನಿಯಮ. ಹೊರದೇಶದಲ್ಲಿ ಕಲಿತ ವೈದ್ಯರಿಗೆ ಅಲ್ಲಿ ಸಾಮಾನ್ಯವಾಗಿ 10 ವರ್ಷ ಕಾಲ, ಡಾಕ್ಟರುಗಳ ಕೊರತೆ ಇರುವ ಪ್ರದೇಶದಲ್ಲಿ ಕೆಲಸ ಮಾಡಿದರೆ ಮಾತ್ರ ಸರಕಾರದ ಮೆಡಿಕೇರ್ ಹಣ ಸಿಗುತ್ತದೆ. ಅದು ಮರುಭೂಮಿಯೇ ಆಗಬೇಕೆಂದಿಲ್ಲ, ಸಣ್ಣ ಪಟ್ಟಣವೂ ಆಗಬಹುದು. ನಮ್ಮ ಹುಡುಗ ಮಾತ್ರ ತಾನೇ ಆಸೆಪಟ್ಟು ಮೂಲನಿವಾಸಿಗಳ ನಡುವೆ ಸಾರ್ವಜನಿಕ ಆರೋಗ್ಯದ ವೈದ್ಯನಾಗಿ ತರಬೇತಿ ಪಡೆಯಬೇಕೆಂದಿದ್ದಾನೆ. ಅದಕ್ಕೆ ಕೆಲವು ವರ್ಷ ಆಸ್ಪತ್ರೆಯ ಅನುಭವ, ಮಾಸ್ಟರ್ ಪದವಿಯ ಓದು, ಆಮೇಲೆ 3 ವರ್ಷದ ತರಬೇತಿ ಬೇಕು. ನಮ್ಮ ಮನೆಗಳಲ್ಲಿ ಹಾರ್ಟ್ ಡಾಕ್ಟರ್ ಎಂದರೆ ಒಂದು ಗೌರವ, ಎಲುಬಿನ ಡಾಕ್ಟರ್ ಎಂದರೆ ಇನ್ನೊಂದು. ಸಾರ್ವಜನಿಕ ಆರೋಗ್ಯ ಎಂದರೆ, ಸೀಟು ಸಿಗದವರು ಹೋಗುವುದು ಎಂಬ ಲೆಕ್ಕ. ಈ ಲೆಕ್ಕ ತಪ್ಪು.

ಏಕೆಂದು ಹೇಳುತ್ತೇನೆ. ದಕ್ಷಿಣ ಆಸ್ಟ್ರೇಲಿಯಾದ ವಾಯವ್ಯ ಮೂಲೆಯಲ್ಲಿ ಮೂಲನಿವಾಸಿಗಳೇ ನಡೆಸುವ ನಂಗನಂಪ ಹೆಲ್ತ್ ಕೌನ್ಸಿಲ್ ಎಂಬ ಸಂಸ್ಥೆ ಇದೆ. 1980ರ ದಶಕದಲ್ಲಿ ಅದರ ನಿರ್ದೇಶಕರಾಗಿದ್ದವರು ಯಾಮಿ ಲೆಸ್ಟರ್, ಕಣ್ಣು ಕಾಣದ ಒಬ್ಬ ಮೂಲನಿವಾಸಿ ನಾಯಕ. ಕ್ಲಿನಿಕ್ ಚೆನ್ನಾಗಿ ನಡೆಯುತ್ತಿದ್ದರೂ ಜನ ಕಾಯಿಲೆ ಬೀಳುವುದು ನಿಲ್ಲಲಿಲ್ಲ. ಅದನ್ನು ನಿಲ್ಲಿಸುವ ದಾರಿ ಹುಡುಕಿ ಎಂದು ಅವರು ಮೂರು ಜನರಿಗೆ ಹೇಳಿದರು: ಒಬ್ಬ ಡಾಕ್ಟರ್, ಒಬ್ಬ ಆರ್ಕಿಟೆಕ್ಟ್, ಒಬ್ಬ ಪರಿಸರ ಆರೋಗ್ಯದ ಕೆಲಸಗಾರ. ಅವರ ವರದಿ 1987ರಲ್ಲಿ ಬಂತು. ಅದರಲ್ಲಿ ಮೊದಲ ಸ್ಥಾನ ಔಷಧಿಗಲ್ಲ, ಸ್ನಾನಕ್ಕೆ. ಮುಖ್ಯವಾಗಿ ಸಣ್ಣ ಮಕ್ಕಳ ಸ್ನಾನ.

ಆಮೇಲೆ ಟೂಲ್ಸ್ ಹಿಡಿದು ಮನೆ ಮನೆಗೆ ಹೋದರು. ನಳ್ಳಿ ತಿರುಗಿಸಿ ನೋಡುವುದು, ನೀರು ಬಿಸಿಯಾಗುತ್ತದಾ, ಬಚ್ಚಲಿನ ನೀರು ಹೊರಗೆ ಹೋಗುತ್ತದಾ ಎಂದು ನೋಡುವುದು. ಬರೀ ಸರ್ವೆ ಇಲ್ಲ, ಕೆಟ್ಟದ್ದನ್ನು ಮೊದಲ ದಿನವೇ ರಿಪೇರಿ ಮಾಡಲು ಶುರು ಮಾಡಬೇಕು. ಊರಿನವರಿಗೇ ತರಬೇತಿ ಕೊಟ್ಟು ಕೆಲಸ ಮಾಡಿಸುವುದು. ಮುಂದೆ ದೇಶದ ಬೇರೆ ಕಡೆಗಳಲ್ಲೂ ಸಾವಿರಾರು ಮನೆಗಳನ್ನು ಹೀಗೆ ನೋಡಿದಾಗ, ಸರಿಯಾಗಿ ನಡೆಯುವ ಶವರ್ ಇದ್ದದ್ದು ಸುಮಾರು ಮೂರರಲ್ಲಿ ಒಂದು ಮನೆಯಲ್ಲಿ. "ಆ ಜನಕ್ಕೆ ಮನೆ ಕೊಟ್ಟರೂ ಹಾಳು ಮಾಡುತ್ತಾರೆ" ಎಂದು ಹೇಳುವವರಿದ್ದರಲ್ಲ, ಲೆಕ್ಕ ತೆಗೆದರೆ ಮನೆಯವರಿಂದ ಹಾಳಾದದ್ದು ಹತ್ತರಲ್ಲಿ ಒಂದು ಪಾಲೂ ಇರಲಿಲ್ಲ. ಹೆಚ್ಚಿನದ್ದು ಯಾರೂ ರಿಪೇರಿಗೆ ಬಾರದೆ ಕೆಟ್ಟದ್ದು. ಉಳಿದದ್ದು ಕಟ್ಟುವಾಗಲೇ ಕೆಟ್ಟದಾಗಿ ಕಟ್ಟಿದ್ದು. ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ ಹೀಗೆ ಮನೆ ಸರಿ ಮಾಡಿದ ಕಡೆ, ಸೋಂಕು ರೋಗಕ್ಕಾಗಿ ಆಸ್ಪತ್ರೆ ಸೇರುವುದು ಶೇ. 40ರಷ್ಟು ಕಡಿಮೆ ಎಂದು ಅಲ್ಲಿನ ಆರೋಗ್ಯ ಇಲಾಖೆಯೇ ಕಂಡುಕೊಂಡಿತು.

ಇದನ್ನು ಓದುವಾಗ ನನಗೆ ನಾಚಿಕೆಯಾಯಿತು. ಕೈಕಾಲಲ್ಲಿ ಕಜ್ಜಿ ಇದ್ದ ಒಬ್ಬ ಹುಡುಗನಿಗೆ ಕ್ಲಾಸಿನಲ್ಲಿ ಎಲ್ಲರ ಎದುರು ತಹಾರತ್‌ನ ಪಾಠ ಹೇಳಿ ಗದರಿಸಿದ್ದೆ. ಆ ಬೇಸಿಗೆಯಲ್ಲಿ ಅವರ ಬಾವಿ ಬತ್ತಿ, ಮೂರು ಮನೆಯವರು ಒಂದೇ ನಳ್ಳಿಯಲ್ಲಿ ನೀರು ಹಿಡಿಯುತ್ತಿದ್ದರು ಎಂದು ಗೊತ್ತಾದದ್ದು ಆಮೇಲೆ. ಹೆಚ್ಚಿನ ಫಿಕ್ಹ್ ಕಿತಾಬುಗಳು ತಹಾರತ್‌ನ ಅಧ್ಯಾಯದಲ್ಲಿ ಮೊದಲು ನೀರಿನ ಮಾತೆತ್ತುತ್ತವೆ. ನಾನು ಹುಡುಗನಿಂದ ಶುರು ಮಾಡಿದ್ದೆ.

ಕಜ್ಜಿ ಎಂದರೆ ಅಲ್ಲಿ ಸಣ್ಣ ವಿಷಯ ಅಲ್ಲ. ಗಂಟಲಿನ ಮತ್ತು ಚರ್ಮದ ಸೋಂಕು ಮಕ್ಕಳಲ್ಲಿ ರುಮ್ಯಾಟಿಕ್ ಜ್ವರಕ್ಕೆ ದಾರಿಯಾಗಿ, ಹೃದಯದ ಕವಾಟವೇ ಹಾಳಾಗುತ್ತದೆ. ಒಮ್ಮೆ ಆ ಜ್ವರ ಬಂದ ಮಗುವಿಗೆ ಸುಮಾರು 28 ದಿನಕ್ಕೊಮ್ಮೆ ಪೆನ್ಸಿಲಿನ್ ಇಂಜೆಕ್ಷನ್, ಅದೂ ವರ್ಷಗಟ್ಟಲೆ. ತುಂಬಾ ನೋಯುವ ಇಂಜೆಕ್ಷನ್ ಅದು. ಮಗು ಓಡಿ ಹೋಗದಂತೆ ವರ್ಷಗಟ್ಟಲೆ ಕರೆತರಬೇಕಾದರೆ ಮನೆಯವರಿಗೆ ಡಾಕ್ಟರ ಮೇಲೆ ನಂಬಿಕೆ ಬೇಕು. ಆ ನಂಬಿಕೆಯೇ ಅಲ್ಲಿ ಕಷ್ಟ. ಕಳೆದ ಶತಮಾನದಲ್ಲಿ 1970ರ ಹೊತ್ತಿನವರೆಗೂ ಸರಕಾರವೇ ಮೂಲನಿವಾಸಿಗಳ ಮಕ್ಕಳನ್ನು ತಾಯಂದಿರಿಂದ ಕಿತ್ತುಕೊಂಡು ಹೋಗುತ್ತಿತ್ತು. ಪ್ರಧಾನಿ ಕೆವಿನ್ ರಡ್ ಪಾರ್ಲಿಮೆಂಟಿನಲ್ಲಿ ಕ್ಷಮೆ ಕೇಳಿದ್ದು 2008ರಲ್ಲಿ. ಅಜ್ಜಿಯರಿಗೆ ಅದೆಲ್ಲ ನೆನಪಿದೆ.

ಹಾಗಾಗಿ ತರಬೇತಿಯಲ್ಲಿ ಡಾಕ್ಟರು ಮೊದಲು ಕೂತು ಕೇಳಲು ಕಲಿಯಬೇಕು. ಜನರಿಗೆ ಇಂಗ್ಲಿಷ್ ಮೂರನೆಯದೋ ನಾಲ್ಕನೆಯದೋ ಭಾಷೆ, ದುಭಾಷಿ ಬೇಕು. ಹೆಂಗಸರ ವಿಷಯ ಹೆಂಗಸರಿಗೆ, ಗಂಡಸರ ವಿಷಯ ಗಂಡಸರಿಗೆ. ಇದು ನಮ್ಮ ಮಕ್ಕಳಿಗೆ ಬೇಗ ಅರ್ಥವಾಗುತ್ತದೆ. ಮರಣವಾದರೆ ಊರೇ ಕೆಲಸ ನಿಲ್ಲಿಸುತ್ತದೆ, ಅನೇಕ ಕಡೆ ಸತ್ತವರ ಹೆಸರನ್ನೂ ಹೇಳುವುದಿಲ್ಲ. ಮೂಲನಿವಾಸಿಗಳ ಸಂಸ್ಥೆಯಲ್ಲಿ ಕೆಲಸವಾದರೆ ಡಾಕ್ಟರಿಗೆ ಯಜಮಾನರು ಆ ಊರಿನವರೇ.

ನಮಗೆ ಆ ನೆಲ ಪೂರ್ತಿ ಹೊಸದೂ ಅಲ್ಲ. 1860ರ ದಶಕದಿಂದ ಅಫ್ಘಾನಿಸ್ತಾನ, ಬಲೂಚಿಸ್ತಾನ, ಪಂಜಾಬ್ ಕಡೆಯ ಮುಸ್ಲಿಮರು ಒಂಟೆ ಹಿಡಿದು ಅಲ್ಲಿ ಸಾಮಾನು ಸಾಗಿಸಿದರು, ಮಸೀದಿ ಕಟ್ಟಿದರು. ಕೆಲವರು ಮೂಲನಿವಾಸಿ ಹೆಂಗಸರನ್ನು ಮದುವೆಯಾದರು. ಅವರ ಸಂತತಿ ಇಂದಿಗೂ ಇದೆ.

ಆದರೆ ಹುಡುಗನಿಗೂ ನಾನು ಒಂದು ಪ್ರಶ್ನೆ ಕೇಳಿದ್ದೇನೆ: ಎಷ್ಟು ವರ್ಷ ಇರುತ್ತೀ? ಆ ಊರುಗಳ ದೊಡ್ಡ ಸಂಕಟ ಎಂದರೆ ಡಾಕ್ಟರು, ನರ್ಸುಗಳು ನಿಲ್ಲುವುದಿಲ್ಲ. ಹೊಸಬರು ಬಂದಾಗಲೆಲ್ಲ ರೋಗಿ ತನ್ನ ಕಥೆ ಮೊದಲಿನಿಂದ ಹೇಳಬೇಕು. ಪಿಆರ್ ಸಿಗುವ ತನಕ ಇದ್ದು ಸಿಡ್ನಿಗೆ ಓಡುವುದಾದರೆ ಈಗಲೇ ಹೋಗುವುದು ಬೇಡ ಎಂದೆ. ಐದು ವರ್ಷ ಎಂದ. ಬರೆದಿಟ್ಟುಕೊಂಡಿದ್ದೇನೆ.

ಮೊನ್ನೆ ಉಮ್ಮನಿಗೆ ಇದನ್ನೆಲ್ಲ ಹೇಳಿದೆ. ಸುಮ್ಮನೆ ಕೇಳಿದರು. ಕೊನೆಗೆ, "ಅಲ್ಲಿ ಜುಮುಅಕ್ಕೆ ಎಂತ ಮಾಡುತ್ತಾನೆ ಉಸ್ತಾದರೇ?" ಎಂದರು. ಆಲಿಸ್ ಸ್ಪ್ರಿಂಗ್ಸ್ ಪಟ್ಟಣದಲ್ಲಿ ಮಸೀದಿ ಇದೆ ಎಂದೆ. ಅಲ್ಲಿಂದ ಅವನ ಊರಿಗೆ ಎಷ್ಟು ಗಂಟೆಯ ಮಣ್ಣು ದಾರಿ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.